ತೆಂಗಿನ ಮರಕ್ಕೆ ಯಾವ ಬಣ್ಣ?

ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಡೆಗೆ ಹೊರಟರೆ ದಾರಿಯಲ್ಲಿ ತೆರಕಣಾಂಬಿ ಸಿಗುತ್ತದೆ. ಲಕ್ಷ್ಮೀವರದರಾಜಸ್ವಾಮಿ ದೇವಸ್ಥಾನವಿರುವ ಹಳೆಯ ಊರು, ಪಕ್ಕದಲ್ಲೇ ತ್ರಿಯಂಬಕಪುರ. ಸುತ್ತಲ ಹೊಲಗಳಲ್ಲಿ ಕಾಲಕ್ಕೆ ತಕ್ಕಂತೆ ಅರಿಶಿನ, ಚೆಂಡು ಹೂವು, ಸೂರ್ಯಕಾಂತಿ, ಬೀಟ್‌ರೂಟ್, ಬಾಳೆ, ನಡುನಡುವೆ ತೆಂಗು. ಇಂಥ ಊರಿನ ಮಕ್ಕಳು ರಜೆಯಲ್ಲಿ ಬಿಚ್ಚಿಕೊಂಡು ಕೂರುವ ಬಣ್ಣದ ಪುಸ್ತಕದಲ್ಲಿ ಇರುವುದು ಬೇರೆಯೇ ಲೋಕ. ಒಂದು ಪುಟದಲ್ಲಿ ಛೋಟಾ ಭೀಮ್, ಇನ್ನೊಂದರಲ್ಲಿ ಡೋರೇಮಾನ್, ಮತ್ತೊಂದರಲ್ಲಿ ಮತ್ಸ್ಯಕನ್ಯೆ. ಇವುಗಳ ಮಧ್ಯೆ ತಪ್ಪದೆ ಬರುವ ಪುಟ ಒಂದಿದೆ: ಸಮುದ್ರದ ನಡುವೆ ಪುಟ್ಟ ದ್ವೀಪ, ಬಾಗಿ ನಿಂತ ತೆಂಗಿನ ಮರ, ಮರಳು, ಏಡಿ, ದೂರದಲ್ಲಿ ಹಾಯಿದೋಣಿ, ಮೂಲೆಯಲ್ಲಿ ಕಿರಣ ಬಿಡುವ ಸೂರ್ಯ.

ಈ ಪುಟ ನೋಡಿದ ದೊಡ್ಡವರಿಗೆ ಇದು ಯಾವುದೋ ದೂರದ ದೇಶದ್ದು ಅನ್ನಿಸುತ್ತದೆ. ಭೂಪಟ ಬೇರೆಯದನ್ನೇ ಹೇಳುತ್ತದೆ. ಭೂಮಧ್ಯರೇಖೆಯ ಎರಡೂ ಬದಿಗೆ ಸುಮಾರು 23.5 ಡಿಗ್ರಿಯವರೆಗಿನ ಪ್ರದೇಶವೆಲ್ಲ ಉಷ್ಣವಲಯ. ತೆರಕಣಾಂಬಿ ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸಿನಿಮಾ, ಕಾರ್ಟೂನುಗಳಲ್ಲಿ ಮಕ್ಕಳು ನೋಡುವ ಹವಾಯಿ ದ್ವೀಪಗಳು 19ರಿಂದ 22 ಡಿಗ್ರಿಯ ನಡುವೆ ಇವೆ. ಹವಾಯಿಗಿಂತ ತೆರಕಣಾಂಬಿಯೇ ಭೂಮಧ್ಯರೇಖೆಗೆ ಹತ್ತಿರ! ಸಮುದ್ರವನ್ನು ಬಿಟ್ಟರೆ ಆ ಪುಟದಲ್ಲಿರುವ ತೆಂಗು, ಬಿಸಿಲು ಎರಡೂ ನಮ್ಮ ಮಕ್ಕಳ ಮನೆಯ ಸುತ್ತಲೇ ಇವೆ.

ಆದರೂ ಬಣ್ಣದ ಪುಸ್ತಕವನ್ನು ನಾವು ಮಕ್ಕಳನ್ನು ಒಂದು ಕಡೆ ಸುಮ್ಮನೆ ಕೂರಿಸುವ ಉಪಾಯವಾಗಿ ಮಾತ್ರ ಬಳಸುತ್ತೇವೆ. ಪುಸ್ತಕ ಕೈಗಿಟ್ಟು, ಬಣ್ಣದ ಡಬ್ಬಿ ಮುಂದಿಟ್ಟು, ನಮ್ಮ ಕೆಲಸಕ್ಕೆ ಹೋಗುತ್ತೇವೆ. ಇದರಿಂದ ಆಗುವ ನಷ್ಟ ದೊಡ್ಡದು. ದೊಡ್ಡವರೊಬ್ಬರು ಪಕ್ಕದಲ್ಲಿ ಕೂತರೆ, ಎಲ್ಲಿಂದಲೋ ಬಂದ ಆ ಹಾಳೆಯೇ ಮಗುವಿಗೆ ತನ್ನ ಊರನ್ನು ಕಣ್ಣಿಟ್ಟು ನೋಡಲು ಕಲಿಸಬಲ್ಲದು. ಈ ಲೇಖನದಲ್ಲಿ ಹೇಳಹೊರಟಿರುವುದು ಅದನ್ನೇ.

ಹಾಳೆ ಬಂದ ದಾರಿ

ಬಣ್ಣ ಹಚ್ಚುವ ಪುಸ್ತಕಕ್ಕೆ ಹೆಚ್ಚುಕಡಿಮೆ ನೂರನಲವತ್ತು ವರ್ಷದ ಚರಿತ್ರೆಯಿದೆ. 1880ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಮೆಕ್‌ಲಾಫ್ಲಿನ್ ಸಹೋದರರು ಮಕ್ಕಳಿಗಾಗಿ ಬರೀ ಗೆರೆಚಿತ್ರಗಳ ಪುಸ್ತಕ ಹೊರತಂದರು. ಆಗ ಅದಕ್ಕೆ ಹಚ್ಚುತ್ತಿದ್ದದ್ದು ನೀರುಬಣ್ಣ. 1903ರಲ್ಲಿ ಅಮೆರಿಕದ ಬಿನ್ನಿ ಆ್ಯಂಡ್ ಸ್ಮಿತ್ ಕಂಪನಿ ಎಂಟು ಬಣ್ಣಗಳ ಕ್ರೇಯಾನ್ ಡಬ್ಬಿಯನ್ನು ಕ್ರೇಯೋಲಾ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಕಪ್ಪು, ಕಂದು, ನೀಲಿ, ಕೆಂಪು, ನೇರಳೆ, ಕಿತ್ತಳೆ, ಹಳದಿ, ಹಸಿರು. ಮೇಣದಲ್ಲಿ ಬಣ್ಣದ ಪುಡಿ ಬೆರೆಸಿ ಅಚ್ಚಿಗೆ ಹೊಯ್ದ ಕಡ್ಡಿ ಅಷ್ಟೆ. ಆದರೆ ನೀರು, ಕುಂಚ, ಬಟ್ಟಲು ಏನೂ ಬೇಡದ್ದರಿಂದ ಬಣ್ಣ ತೀರಾ ಎಳೆಯ ಮಕ್ಕಳ ಕೈಗೂ ಬಂತು. 1907ರಲ್ಲಿ ರಿಚರ್ಡ್ ಔಟ್‌ಕಾಲ್ಟ್ ಎಂಬ ವ್ಯಂಗ್ಯಚಿತ್ರಕಾರ ತನ್ನ ಜನಪ್ರಿಯ ಪಾತ್ರ ಬಸ್ಟರ್ ಬ್ರೌನ್‌ನ ಚಿತ್ರಗಳನ್ನೇ ಬಣ್ಣ ಹಚ್ಚುವ ಪುಸ್ತಕವಾಗಿಸಿದ. ಕಾರ್ಟೂನ್ ಪಾತ್ರಕ್ಕೂ ಬಣ್ಣದ ಪುಸ್ತಕಕ್ಕೂ ಬಿದ್ದ ಗಂಟು ಅಂದಿನಿಂದ ಬಿಚ್ಚಿಲ್ಲ.

ನಮ್ಮಲ್ಲಿ ಬಣ್ಣ ಮತ್ತು ಕಾರ್ಟೂನು ಜೊತೆಗೂಡಿದ ಕಥೆಗೆ ಮೈಸೂರಿನ ನಂಟಿದೆ. 1954ರಲ್ಲಿ ಏಷ್ಯನ್ ಪೇಂಟ್ಸ್ ಕಂಪನಿಗಾಗಿ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಒಬ್ಬ ತುಂಟ ಹುಡುಗನನ್ನು ಬರೆದುಕೊಟ್ಟರು. ಕೈಯಲ್ಲಿ ಬಣ್ಣದ ಡಬ್ಬಿ, ಬ್ರಷ್ಷು ಹಿಡಿದ, ಗಟ್ಟು ಎಂಬ ಹೆಸರಿನ ಆ ಹುಡುಗ ದಶಕಗಳ ಕಾಲ ದೇಶದ ಬಣ್ಣದಂಗಡಿಗಳ ಮುಂದೆ ನಿಂತಿದ್ದ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್ ಚಿಕ್ಕಂದಿನಲ್ಲಿ ಮನೆಯ ನೆಲ, ಗೋಡೆ, ಬಾಗಿಲುಗಳನ್ನೇ ಹಾಳೆ ಮಾಡಿಕೊಂಡವರು. ಶಾಲೆಯಲ್ಲಿ ಎಲೆಯ ಚಿತ್ರ ಬರೆಯಲು ಹೇಳಿದಾಗ ಅವರು ಬರೆದ ಅರಳಿ ಎಲೆಯನ್ನು ಮೇಷ್ಟರು ಮೆಚ್ಚಿಕೊಂಡರು. ತಾನು ಚಿತ್ರಕಾರ ಎಂಬ ನಂಬಿಕೆ ಆ ಹುಡುಗನಲ್ಲಿ ಮೊಳೆತದ್ದು ಆಗ. ಒಂದು ಅರಳಿ ಎಲೆ, ಮೇಷ್ಟರ ಒಂದು ಒಳ್ಳೆಯ ಮಾತು: ಇವೆರಡು ಸಿಗದ ಹಳ್ಳಿಯಿಲ್ಲ.

ಟಿವಿ ಬಂದ ಮೇಲೆ ಪಾತ್ರಗಳ ಸಂತೆಯೇ ಸೇರಿತು. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ರಾಜೀವ್ ಚಿಲಕ ರೂಪಿಸಿದ ಛೋಟಾ ಭೀಮ್ 2008ರಲ್ಲಿ ತೆರೆಗೆ ಬಂದ. 2009ರಲ್ಲಿ ಚಿಂಟು ಟಿವಿ ಶುರುವಾಗಿ, ಕಾರ್ಟೂನ್ ಪಾತ್ರಗಳು ದಿನವಿಡೀ ಕನ್ನಡದಲ್ಲಿ ಮಾತನಾಡುವುದನ್ನು ನಮ್ಮ ಮಕ್ಕಳು ಕೇಳಿದರು. ಹೀಗೆ ಮನೆಯೊಳಗೆ ಬಂದ ಪಾತ್ರಗಳು ಹಾಳೆಯ ಮೇಲೆ ಬಣ್ಣಕ್ಕಾಗಿ ಕಾದು ನಿಂತವು.

ಕಾರ್ಟೂನಿಗೆ ಒಂದು ಪಾಠ, ದ್ವೀಪಕ್ಕೆ ಇನ್ನೊಂದು

ಕಾರ್ಟೂನ್ ಪಾತ್ರಕ್ಕೆ ಬಣ್ಣ ಹಚ್ಚುವುದು ಮಕ್ಕಳಿಗೆ ಅಷ್ಟು ಇಷ್ಟವಾಗಲು ಕಾರಣವಿದೆ. ಹಳೆಯ ಪದ್ಧತಿಯ ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಕಾರ್ಟೂನ್ ಚಿತ್ರದಲ್ಲಿ ಅಷ್ಟೂ ಚೌಕಟ್ಟುಗಳಿಗಾಗಿ ಪಾರದರ್ಶಕ ಹಾಳೆಗಳ ಮೇಲೆ ಕೈಯಿಂದಲೇ ಚಿತ್ರ ಬರೆದು ಬಣ್ಣ ತುಂಬಬೇಕಿತ್ತು. ನೂರಾರು ಜನ ಸೇರಿ ಮಾಡುವ ಈ ಕೆಲಸದಲ್ಲಿ ನೆರಳು, ಛಾಯೆ ಎಂದು ಕೂರಲು ಆಗುತ್ತಿರಲಿಲ್ಲ. ಅದಕ್ಕಾಗಿಯೇ ದಪ್ಪ ಗೆರೆ, ಕೆಲವೇ ಬಣ್ಣ, ಅವೂ ಏರಿಳಿತವಿಲ್ಲದೆ ತುಂಬಿದವು. ಐದು ವರ್ಷದ ಮಗುವಿನ ಕೈಗೆ ಹೇಳಿ ಮಾಡಿಸಿದಂಥ ಚಿತ್ರವದು. ಭೀಮನ ಧೋತಿಗೆ ಕಿತ್ತಳೆ ಬಳಿದರೆ ಮುಗಿಯಿತು, ಭೀಮ ಭೀಮನೇ ಆಗುತ್ತಾನೆ. "ನಾನು ಮಾಡಿದೆ" ಎನ್ನುವ ಹೆಮ್ಮೆ ಆ ಕ್ಷಣಕ್ಕೇ ಸಿಗುತ್ತದೆ.

ದ್ವೀಪದ ಪುಟ ಹಾಗಲ್ಲ. ಸಮುದ್ರಕ್ಕೆ ಗೊತ್ತಾದ ಬಣ್ಣವಿಲ್ಲ. ಆಕಾಶಕ್ಕೂ ಇಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಮಳೆ ಬರುವ ಮುಂಚೆ ಇನ್ನೊಂದು. ಇಲ್ಲಿ ಮಗು ಆಯ್ಕೆ ಮಾಡಬೇಕು. ಆಯ್ಕೆ ಮಾಡಲು ನೋಡಿರಬೇಕು, ನೋಡಿದ್ದನ್ನು ನೆನಪಿಸಿಕೊಳ್ಳಬೇಕು. ಕಾರ್ಟೂನಿನ ಪುಟ ಕೈಗೆ ಧೈರ್ಯ ಕೊಡುತ್ತದೆ, ದ್ವೀಪದ ಪುಟ ಕಣ್ಣಿಗೆ ಕೆಲಸ ಕೊಡುತ್ತದೆ. ಎರಡೂ ಬೇಕು, ಆ ಕ್ರಮದಲ್ಲೇ ಬೇಕು.

ಕಾರ್ಟೂನಿನ ಬಣ್ಣವೂ ಕಲ್ಲಿನಲ್ಲಿ ಕೆತ್ತಿದ್ದೇನಲ್ಲ. ಮಗು ಡೋರೇಮಾನ್‌ಗೆ ಹಳದಿ ಹಚ್ಚಿದರೆ ನಾವು ಥಟ್ಟನೆ "ಅವನು ನೀಲಿ ಅಲ್ವಾ?" ಎಂದು ತಿದ್ದುತ್ತೇವೆ. ಆ ಪಾತ್ರದ ಹುಟ್ಟಿನ ಕಥೆಯನ್ನು ಹೇಳುವ 1995ರ ಜಪಾನೀ ಚಿತ್ರದಲ್ಲಿ ಡೋರೇಮಾನ್ ಮೊದಲು ಹಳದಿಯೇ ಆಗಿದ್ದ. ಇಲಿ ಕಿವಿ ಕಚ್ಚಿದ ದುಃಖದಲ್ಲೇ ಅವನು ನೀಲಿಯಾಗುವುದು. ತಿದ್ದುವ ಮುಂಚೆ "ಯಾಕೆ ಹಳದಿ?" ಎಂದು ಕೇಳಿದರೆ ಮಗುವಿನಿಂದ ಒಂದು ಕಥೆ ಹೊರಬರುತ್ತದೆ.

ಗೆರೆಯೊಳಗೆ ತುಂಬುವುದು ಬಂಧನವೇ?

ಬಣ್ಣದ ಪುಸ್ತಕಗಳ ವಿರುದ್ಧ ಗಟ್ಟಿಯಾದ ಮಾತುಗಳು ಬಂದಿವೆ. ಮಕ್ಕಳ ಚಿತ್ರಕಲೆಯ ಬಗ್ಗೆ 1947ರಲ್ಲಿ ಪ್ರಭಾವಶಾಲಿ ಗ್ರಂಥ ಪ್ರಕಟಿಸಿದ ವಿಕ್ಟರ್ ಲೋವೆನ್‌ಫೆಲ್ಡ್, ಬೇರೆಯವರು ಬರೆದ ಗೆರೆಯೊಳಗೆ ಬಣ್ಣ ತುಂಬುತ್ತಾ ಹೋದ ಮಗು ಸ್ವಂತ ಗೆರೆ ಎಳೆಯುವ ಧೈರ್ಯ ಕಳೆದುಕೊಳ್ಳುತ್ತದೆ ಎಂದು ಎಚ್ಚರಿಸಿದರು. ಗಾಂಧೀಜಿಯವರ ಸೇವಾಗ್ರಾಮದಲ್ಲಿ ಮಕ್ಕಳಿಗೆ ಕಲೆ ಕಲಿಸಿದ ದೇವಿ ಪ್ರಸಾದ್ ಕೂಡ ಮಗುವಿನ ಸ್ವಂತ ಅಭಿವ್ಯಕ್ತಿಯೇ ಶಿಕ್ಷಣದ ಬುನಾದಿ ಎಂದು ನಂಬಿದ್ದವರು. ಈ ಎಚ್ಚರಿಕೆ ನ್ಯಾಯವಾದದ್ದು. ಮನೆಯಲ್ಲಿ ಬಣ್ಣದ ಪುಸ್ತಕ ಮಾತ್ರ ಇದ್ದು ಖಾಲಿ ಹಾಳೆಯೇ ಇಲ್ಲದಿದ್ದರೆ ಮಗು "ನಂಗೆ ಬರೆಯೋಕೆ ಬರಲ್ಲ" ಎನ್ನಲು ಕಲಿಯುತ್ತದೆ.

ಆದರೆ ನಮ್ಮ ನಾಡಿನ ಕಲೆ ಇನ್ನೊಂದು ಮಾತನ್ನೂ ಹೇಳುತ್ತದೆ. ತೆರಕಣಾಂಬಿಯ ಯಾವುದೇ ಬೀದಿಯಲ್ಲಿ ಸಂಕ್ರಾಂತಿಯ ಬೆಳಿಗ್ಗೆ ನಿಂತು ನೋಡಿ. ಅಕ್ಕ ಚುಕ್ಕಿ ಇಟ್ಟು ಗೆರೆ ಎಳೆಯುತ್ತಾಳೆ, ತಂಗಿಯರು ಬಣ್ಣದ ಪುಡಿ ತುಂಬುತ್ತಾರೆ. ಈ ವರ್ಷ ತುಂಬಿದವಳು ಮುಂದೊಂದು ವರ್ಷ ತಾನೇ ಚುಕ್ಕಿ ಇಡುತ್ತಾಳೆ. ತುಂಬುವುದು ಗೆರೆ ಎಳೆಯುವುದರ ಮೊದಲ ಮೆಟ್ಟಿಲು. ತೊಗಲುಗೊಂಬೆಯಲ್ಲೂ ಹಾಗೇ: ಹದ ಮಾಡಿದ ತೊಗಲಿನ ಮೇಲೆ ಮೊದಲು ಆಕೃತಿ ಗೀರುತ್ತಾರೆ, ಆಮೇಲೆ ಬಣ್ಣ. ಯಕ್ಷಗಾನದ ಬಣ್ಣದ ವೇಷದಲ್ಲಂತೂ ಮುಖದ ಬಣ್ಣ ನೋಡಿಯೇ ಬಂದವನು ಎಂಥವನೆಂದು ಜನ ತಿಳಿಯುತ್ತಾರೆ. ಈ ಕಲೆಗಳಲ್ಲಿ ಬೆಳೆದವರು ಇತರರ ಗೆರೆಯಲ್ಲಿ ಕೈ ಪಳಗಿಸಿಕೊಂಡು, ನಂತರ ತಮ್ಮದನ್ನು ಕಂಡುಕೊಂಡವರು.

ದೋಷ ಇರುವುದು ಗೆರೆಯಲ್ಲಲ್ಲ. ಪುಟದ ಮೂಲೆಯಲ್ಲಿ ಅಚ್ಚು ಹಾಕಿರುವ ಆ ಪುಟ್ಟ ಬಣ್ಣದ ಮಾದರಿಯಲ್ಲಿ ಮತ್ತು "ಅದನ್ನು ನೋಡಿಕೊಂಡು ಹಚ್ಚು" ಎನ್ನುವ ನಮ್ಮ ಮಾತಿನಲ್ಲಿ. ನಾನಂತೂ ಆ ಮಾದರಿಯ ಮೇಲೆ ಒಂದು ಚೀಟಿ ಅಂಟಿಸಿಬಿಡಿ ಎಂದೇ ಹೇಳುತ್ತೇನೆ. ಒಂದು ಪುಟ ಬಣ್ಣ ತುಂಬಿದರೆ ಒಂದು ಖಾಲಿ ಹಾಳೆ ಜೊತೆಗೆ ಕೊಡಿ. ಲೋವೆನ್‌ಫೆಲ್ಡ್ ಹೇಳಿದ ಅಪಾಯ ಅಲ್ಲಿಗೆ ಬಹುಪಾಲು ಕಳೆಯುತ್ತದೆ.

ಬೂದಿ ಬಣ್ಣದ ಮರ, ಕಿತ್ತಳೆ ಬಣ್ಣದ ಕಾಯಿ

ಮೂರನೇ ತರಗತಿಯ ಹುಡುಗಿಯೊಬ್ಬಳ ಜೊತೆ ದ್ವೀಪದ ಪುಟ ಹಿಡಿದು ಕೂತಾಗ ನಡೆದದ್ದನ್ನು ಹೇಳಬೇಕು. ಮರದ ಕಾಂಡಕ್ಕೆ ಅವಳು ಕಂದು ಬಣ್ಣದ ಕಡ್ಡಿ ಎತ್ತಿಕೊಂಡಳು. ಪುಸ್ತಕದ ಮಾದರಿಯಲ್ಲೂ ಕಂದೇ ಇತ್ತು. "ನಿಮ್ಮ ಹಿತ್ತಲ ಮರ ಯಾವ ಬಣ್ಣ?" ಎಂದು ಕೇಳಿದೆ. ಎದ್ದು ಹೋಗಿ ನೋಡಿ ಬಂದಳು. "ಇಂಗಿಲ್ಲ. ಬೂದಿ ಇದ್ದಂಗ ಅದ" ಅಂದಳು. ಇನ್ನೊಮ್ಮೆ ಹೋಗಿ ಬಂದು, "ಮರದ ಮ್ಯಾಲ ಬಳೆ ಬಳೆ ಅವ" ಎಂದು ಸೇರಿಸಿದಳು.

ಅವಳು ಕಂಡ ಬಳೆಗಳು ಉದುರಿದ ಗರಿಗಳ ಗುರುತು. ಒಳ್ಳೆಯ ತೆಂಗಿನ ಮರ ವರ್ಷಕ್ಕೆ ಹನ್ನೆರಡರ ಆಸುಪಾಸು ಗರಿ ಬಿಡುತ್ತದೆ; ಹಳೆಯದು ಕಳಚಿದಾಗ ಕಾಂಡದ ಮೇಲೆ ಬಳೆಯಂಥ ಗಾಯದ ಗುರುತು ಉಳಿಯುತ್ತದೆ. ಬಳೆ ಎಣಿಸಿ ಹನ್ನೆರಡರಿಂದ ಭಾಗಿಸಿದರೆ, ಕಾಂಡ ಮೇಲೆದ್ದ ಮೇಲೆ ಮರಕ್ಕೆ ಹೆಚ್ಚುಕಡಿಮೆ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಬಹುದು. ಬಣ್ಣ ಹಚ್ಚಲು ಕೂತ ಮಗು ಗಣಿತಕ್ಕೂ ಸಸ್ಯಶಾಸ್ತ್ರಕ್ಕೂ ಒಟ್ಟಿಗೇ ಕಾಲಿಟ್ಟಿತು. ಹುಡುಗಿ ಕೊನೆಗೆ ಕಪ್ಪು ಪೆನ್ಸಿಲನ್ನು ಓರೆಯಾಗಿ ಹಿಡಿದು ತೆಳುವಾಗಿ ಉಜ್ಜಿ ಬೂದಿ ಬಣ್ಣ ತಂದಳು, ಮೇಲೆ ಒಂದಷ್ಟು ಪಾಚಿಯ ಹಸಿರು ಹಾಕಿದಳು. ಗರಿಗಳಲ್ಲಿ ಕೆಳಗಿನ ಎರಡಕ್ಕೆ ಹಳದಿ. ಹಣ್ಣಾದ ಗರಿ ಕೆಳಗೇ ಇರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾಯಿಗೆ ಕಿತ್ತಳೆ ಬಣ್ಣ ಹಚ್ಚುವ ಮಕ್ಕಳೂ ಇದ್ದಾರೆ. ಅದನ್ನೂ ತಪ್ಪೆನ್ನಬೇಡಿ. ಚೌಘಾಟ್ ಆರೆಂಜ್ ಡ್ವಾರ್ಫ್ ಎಂಬ ಗಿಡ್ಡ ತಳಿಯ ಎಳನೀರು ಕಿತ್ತಳೆ ಬಣ್ಣದ್ದೇ. 1916ರಲ್ಲಿ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾಗಿ, ಈಗ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿರುವ ಸಂಸ್ಥೆ ಎಳನೀರಿಗೆಂದೇ ಶಿಫಾರಸು ಮಾಡಿದ ತಳಿ ಅದು. ಮಗುವಿನ ಬಣ್ಣ ತಪ್ಪು ಎನ್ನುವ ಮುಂಚೆ ಪ್ರಪಂಚ ನಮಗೆ ಗೊತ್ತಿರುವುದಕ್ಕಿಂತ ದೊಡ್ಡದು ಎಂದು ನೆನಪಿಟ್ಟುಕೊಂಡರೆ ಸಾಕು.

ಸಮುದ್ರ ನೋಡದ ಮಗು ಸಮುದ್ರಕ್ಕೆ ಬಣ್ಣ ಹಚ್ಚುವಾಗ

ಗುಂಡ್ಲುಪೇಟೆ ಸೀಮೆಯ ಎಷ್ಟೋ ಮಕ್ಕಳು ಸಮುದ್ರ ಕಂಡಿರುವುದಿಲ್ಲ. ಅವರಿಗೆ ದ್ವೀಪದ ಪುಟ ಕೊಟ್ಟು ಸುಮ್ಮನಾಗಬಾರದು, ಮಾತಾಡಬೇಕು. ಸಮುದ್ರ ನೀಲಿ ಯಾಕೆ ಎಂಬ ಪ್ರಶ್ನೆ 1921ರಲ್ಲಿ ಹಡಗಿನಲ್ಲಿ ಪ್ರಯಾಣಿಸುತ್ತಿದ್ದ ಸಿ.ವಿ. ರಾಮನ್ ಅವರನ್ನೂ ಕಾಡಿತ್ತು. ಆಕಾಶದ ಪ್ರತಿಬಿಂಬವೇ ಕಾರಣ ಎಂಬ ಅಂದಿನ ನಂಬಿಕೆಯನ್ನು ಒಪ್ಪದೆ, ನೀರಿನ ಕಣಗಳೇ ಬೆಳಕನ್ನು ಚದುರಿಸುತ್ತವೆ ಎಂದು ಅವರು ತೋರಿಸಿದರು. ಬೆಳಕಿನ ಕೆಂಪು ಭಾಗವನ್ನು ನೀರು ಹೀರಿಕೊಳ್ಳುವುದೂ ಆ ನೀಲಿಗೆ ಕಾರಣ. ಮುಂದೆ ನೊಬೆಲ್ ಪಡೆದು ಬೆಂಗಳೂರಿನಲ್ಲಿ ನೆಲೆಸಿದ ವಿಜ್ಞಾನಿಯ ಪ್ರಶ್ನೆಯೂ, ನೀಲಿ ಕಡ್ಡಿ ಹಿಡಿದ ಮಗುವಿನ ಪ್ರಶ್ನೆಯೂ ಒಂದೇ.

ಚಿತ್ರದಲ್ಲಿ ದ್ವೀಪದ ಹತ್ತಿರದ ನೀರು ತಿಳಿ ಹಸಿರುನೀಲಿ, ದೂರದ್ದು ಕಡುನೀಲಿ. ಇದು ಚಿತ್ರಕಾರನ ಕಲ್ಪನೆಯಲ್ಲ. ಹವಳದ ದ್ವೀಪಗಳ ಸುತ್ತ ನೀರು ಆಳವಿಲ್ಲ, ಕೆಳಗೆ ಬಿಳಿ ಮರಳು. ಬೆಳಕು ಅಲ್ಲಿಗೆ ತಾಗಿ ಮರಳುತ್ತದೆ. ಲಕ್ಷದ್ವೀಪದಲ್ಲಿ ಕಾಣುವುದು ಇದೇ ಬಣ್ಣ. ಆ ದ್ವೀಪಗಳೂ ನಮಗೆ ಅಪರಿಚಿತವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಸೇರಿದ ಅಮಿನ್‌ದೀವಿ ದ್ವೀಪಗಳು 1956ರ ನವೆಂಬರ್ 1ರಂದು ಕೇಂದ್ರಾಡಳಿತಕ್ಕೆ ಸೇರುವವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಮಂಗಳೂರಿನ ಹಳೆ ಬಂದರಿನಿಂದ ದಿನಸಿ, ತರಕಾರಿ ಹೊತ್ತ ಮಂಜಿ ಎಂಬ ದೋಣಿಗಳು ತಲೆಮಾರುಗಳಿಂದ ಅಲ್ಲಿಗೆ ಹೋಗುತ್ತ ಬಂದಿವೆ. ಪುಟದ ಹಾಯಿದೋಣಿಗೆ ಬಣ್ಣ ಹಚ್ಚುವಾಗ ಈ ಕಥೆ ಹೇಳಿದರೆ ಮಗು ದೋಣಿಯೊಳಗೆ ಈರುಳ್ಳಿ ಮೂಟೆ ಬರೆದರೂ ಬರೆಯಬಹುದು.

ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದಲ್ಲೂ ತೆಂಗು ಇದೆ, ಆದರೆ ದಡದಲ್ಲಿ ಕಂಬ ನೆಟ್ಟಂತೆ ಕಪ್ಪು ಬಂಡೆಗಳು. ಮಡಗಾಸ್ಕರ್ ಭೂಭಾಗ ನಮ್ಮಿಂದ ಬೇರೆಯಾದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲಾವಾ ತಣಿದು ಸೀಳಿ ಆದ ಬಂಡೆಗಳವು. ಸಮುದ್ರವೇ ಬೇಡ ಎನ್ನುವವರಿಗೆ ಚಾಮರಾಜನಗರದ ಗಡಿಯಲ್ಲೇ ದ್ವೀಪ ಇದೆ. ಕಾವೇರಿ ಎರಡಾಗಿ ಸೀಳಿ ನಡುವೆ ಬಿಟ್ಟ ನೆಲವೇ ಶಿವನಸಮುದ್ರ. ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿ. ದ್ವೀಪ ಬರೆಯಿರಿ ಎಂದು ಖಾಲಿ ಹಾಳೆ ಕೊಟ್ಟಾಗ ನಮ್ಮ ಮಕ್ಕಳಿಗೆ ಶಿವನಸಮುದ್ರವೂ ನೆನಪಾಗಬೇಕು.

ಅಲೆಗಳನ್ನು ಮಾಡಲು ಒಂದು ಸುಲಭ ವಿಧಾನವಿದೆ. ಬಿಳಿ ಕ್ರೇಯಾನಿನಿಂದ, ಅದಿಲ್ಲದಿದ್ದರೆ ಮೇಣದಬತ್ತಿಯ ತುಂಡಿನಿಂದ, ಸಮುದ್ರದ ಜಾಗದಲ್ಲಿ ಗಟ್ಟಿಯಾಗಿ ಅಲೆಗಳ ಗೆರೆ ಎಳೆಯಿರಿ. ಬಿಳಿ ಹಾಳೆಯ ಮೇಲೆ ಏನೂ ಕಾಣುವುದಿಲ್ಲ. ಈಗ ನೀಲಿ ನೀರುಬಣ್ಣವನ್ನು ತೆಳುವಾಗಿ ಮೇಲೆ ಹಾಯಿಸಿ. ಮೇಣ ನೀರನ್ನು ಸೇರಗೊಡದು; ಗೆರೆಗಳಷ್ಟೂ ಬೆಳ್ಳಗೆ ಉಳಿದು ನೊರೆ ಎದ್ದು ಬರುತ್ತದೆ. ನೀರು ಹಾಯುವಾಗ ಕಾಣದಿದ್ದ ಅಲೆಗಳು ಒಂದೊಂದಾಗಿ ಮೂಡುವುದನ್ನು ನೋಡುವ ಮಕ್ಕಳ ಮುಖ ನೋಡಲೆಂದೇ ಇದನ್ನು ಮಾಡಿಸಬೇಕು.

ಮೈಬಣ್ಣ ಎಂಬ ಕಡ್ಡಿ

ಪುಸ್ತಕದ ರಾಜಕುಮಾರಿಗೆ, ಮತ್ಸ್ಯಕನ್ಯೆಗೆ ಬಣ್ಣ ಹಚ್ಚುವಾಗ ಮಕ್ಕಳು ಒಂದು ತಿಳಿ ಗುಲಾಬಿ ಕಡ್ಡಿಗಾಗಿ ಕಿತ್ತಾಡುತ್ತಾರೆ. ಅದನ್ನು ಅವರು ಕರೆಯುವುದು "ಸ್ಕಿನ್ ಕಲರ್" ಎಂದು. ಆ ಕಡ್ಡಿ ಹಿಡಿದ ಕೈಯ ಬಣ್ಣ ಬೇರೆ, ಕಡ್ಡಿಯ ಬಣ್ಣ ಬೇರೆ. ತನ್ನ ಮೈಬಣ್ಣ ಮೈಬಣ್ಣವೇ ಅಲ್ಲ ಎಂದು ಮಗುವಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಡಬ್ಬಿಯೇ ಹೇಳಿಬಿಡುತ್ತದೆ. ಕ್ರೇಯೋಲಾ ಕಂಪನಿ ಹೀಗೆ ಮಾಂಸದ ಬಣ್ಣ ಎಂದು ಕರೆಯುತ್ತಿದ್ದ ಕಡ್ಡಿಯ ಹೆಸರನ್ನು 1962ರಲ್ಲೇ ಪೀಚ್ ಎಂದು ಬದಲಿಸಿತು. 2020ರಲ್ಲಿ ಬೇರೆ ಬೇರೆ ಮೈಬಣ್ಣಗಳ 24 ಕಡ್ಡಿಗಳ ಡಬ್ಬಿಯನ್ನೇ ತಂದಿತು. ನಮ್ಮ ಮನೆಗಳಲ್ಲಿ ಆ ಹೆಸರು ಇನ್ನೂ ಹೋಗಿಲ್ಲ.

ಪರಿಹಾರ ಮನೆಯಲ್ಲೇ ಇದೆ. ಮಗುವಿನ ಕೈಯನ್ನು ಹಾಳೆಯ ಪಕ್ಕ ಇಡಿಸಿ. ಮೊದಲು ಹಳದಿಯನ್ನು ತೆಳುವಾಗಿ, ಅದರ ಮೇಲೆ ಕಂದು, ಅಗತ್ಯವಿದ್ದಷ್ಟು ಕೆಂಪು. ಅಪ್ಪನ ಕೈ, ಅಜ್ಜಿಯ ಕೈ, ತಮ್ಮನ ಕೈ ಪ್ರತಿಯೊಂದಕ್ಕೂ ಬೇರೆ ಮಿಶ್ರಣ ಬೇಕಾಗುತ್ತದೆ. ಆಮೇಲೆ ಆ ಬಣ್ಣವನ್ನೇ ರಾಜಕುಮಾರಿಗೆ ಹಚ್ಚಲಿ. 2016ರ ಮೊವಾನಾ ಚಿತ್ರದ ದ್ವೀಪದ ಹುಡುಗಿಯೂ ಕಂದು ಮೈಬಣ್ಣದವಳೇ. ತೊಗಲುಗೊಂಬೆಯಾಟದಲ್ಲಿ ಬಂಗಾರಕ್ಕನ ಜೊತೆ ಬಂದು ಜನರನ್ನು ನಗಿಸಿ ನಲಿಸುವ ಕಿಳ್ಳೇಕ್ಯಾತ ಕಪ್ಪಗೇ ಇದ್ದಾನೆ. ಕನ್ನಡದ ಕಾರ್ಟೂನ್ ಪಾತ್ರ ಬೇಕೆಂದರೆ ಅವನಿಗಿಂತ ಹಳಬ ಯಾರಿದ್ದಾರೆ? ಅವನ ಗೆರೆಚಿತ್ರ ಬರೆದು ಮಕ್ಕಳಿಗೆ ಬಣ್ಣಕ್ಕೆ ಕೊಡಬೇಕು. ಅವನ ಜೊತೆಗೆ ಹುಲಿಯನ್ನೂ ಕೊಡಬಹುದು: ಹುಲಿ ಏರಿದ ಮಾದಪ್ಪನ ಪಟ ನಮ್ಮ ಸೀಮೆಯ ಮನೆಮನೆಯಲ್ಲಿದೆ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರ ಪಕ್ಕದಲ್ಲಿದೆ. ಹುಲಿಗೆ ಬಣ್ಣ ಹಚ್ಚಲು ಇಲ್ಲಿನ ಮಕ್ಕಳಿಗಿಂತ ಹಕ್ಕುಳ್ಳವರು ಇನ್ನಾರು?

ಹೊಲದಲ್ಲೇ ಇರುವ ಬಣ್ಣದ ಡಬ್ಬಿ

ಬಣ್ಣದ ಡಬ್ಬಿ ಕೊಳ್ಳಲಾಗದ ಮನೆಗಳಿವೆ. ಆದರೆ ಗುಂಡ್ಲುಪೇಟೆ ಸೀಮೆ ಬಣ್ಣ ಬೆಳೆಯುವ ಸೀಮೆ. ಇಲ್ಲಿನ ಚೆಂಡು ಹೂವಿನ ಹೊಲ ನೋಡಲು ಕೇರಳದಿಂದ ಕಾರುಗಳಲ್ಲಿ ಜನ ಬಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಹೂವಿನ ಬಹುಪಾಲು ಕಾರ್ಖಾನೆಗೆ ಹೋಗುತ್ತದೆ. ಎಸಳಿನಿಂದ ತೆಗೆದ ಲ್ಯೂಟೀನ್ ಕೋಳಿಯ ಮೇವಿಗೆ ಸೇರಿ ಮೊಟ್ಟೆಯ ಹಳದಿಯನ್ನು ಗಾಢಗೊಳಿಸುತ್ತದೆ. ಅದೇ ಎಸಳನ್ನು ಹಾಳೆಗೆ ಉಜ್ಜಿದರೆ ದ್ವೀಪದ ಸೂರ್ಯನಿಗೆ ಬೇಕಾದ ಹಳದಿ ಸಿಗುತ್ತದೆ. ಬೀಟ್‌ರೂಟಿನ ಹೋಳು ಕಡುಗುಲಾಬಿ ಕೊಡುತ್ತದೆ, ಸೊಪ್ಪು ಹಸಿರು ಕೊಡುತ್ತದೆ, ಜರಡಿ ಹಿಡಿದ ಕೆಮ್ಮಣ್ಣನ್ನು ಗಂಜಿಯಲ್ಲಿ ಕಲಸಿದರೆ ಕಾವಿಯ ಬಣ್ಣ.

ಇವೆಲ್ಲದರ ಮೇಲೆ ಅರಿಶಿನ. ಅರಿಶಿನದ ಪುಡಿಯನ್ನು ನೀರಲ್ಲಿ ಕಲಸಿ ಇಡೀ ಹಾಳೆಗೆ ಬಳಿದು ಒಣಗಿಸಿ. ಈಗ ಸೋಪಿನ ನೀರಿನಲ್ಲೋ ಅಡುಗೆ ಸೋಡಾದ ನೀರಿನಲ್ಲೋ ಕಡ್ಡಿ ಅದ್ದಿ ಅದರ ಮೇಲೆ ಚಿತ್ರ ಬರೆಯಿರಿ. ಹಳದಿಯ ಮೇಲೆ ಕೆಂಪುಗೆರೆ ಮೂಡುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಾಕಿದೊಡನೆ ಕೆಂಪಾಗುವುದೇ ಇದಕ್ಕೆ ಕಾರಣ. ಆರತಿ ತಟ್ಟೆಯ ನೀರು ಅರಿಶಿನಕ್ಕೆ ಸುಣ್ಣ ಬಿದ್ದು ಕೆಂಪಾಗುವುದೂ ಇದೇ ರೀತಿ. ನಿಂಬೆರಸ ಹಾಕಿದರೆ ಗೆರೆ ಮತ್ತೆ ಹಳದಿಗೆ ತಿರುಗುತ್ತದೆ. ಸುಣ್ಣ ಕಣ್ಣಿಗೆ ಅಪಾಯ, ಅದನ್ನು ಮಕ್ಕಳ ಕೈಗೆ ಕೊಡಬಾರದು. ಸೋಪು, ಸೋಡಾ ಸಾಕು. ಅರಿಶಿನದ ಚಿತ್ರ ಬಿಸಿಲಿಗೆ ಬೇಗ ಮಾಸುತ್ತದೆ, ಹಾಗಾಗಿ ನೆರಳಿನಲ್ಲಿ ತೂಗುಹಾಕಿ.

ಪಕ್ಕದಲ್ಲಿ ಕೂರುವ ಬಗೆ

ಎರಡು ಮೂರು ವರ್ಷದ ಮಗು ಗೀಚುತ್ತದೆ. ಗೀಚಲಿ, ಗೆರೆಯೊಳಗೆ ಎಂಬ ಮಾತೇ ಬೇಡ. ಆ ವಯಸ್ಸಿಗೆ ದಪ್ಪ ಕಡ್ಡಿ, ದೊಡ್ಡ ಹಾಳೆ ಬೇಕು. ನಾಲ್ಕು ಐದರ ಹೊತ್ತಿಗೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಹಿಡಿತ ಕೂಡಿಬರುತ್ತದೆ. ಮುಂದೆ ಅಕ್ಷರ ಬರೆಯುವುದೂ ಇದೇ ಹಿಡಿತದಿಂದ. ಏಳರ ನಂತರ ಛಾಯೆ, ದೂರ, ಹತ್ತಿರದ ಮಾತಾಡಬಹುದು. ಮೊಬೈಲಿನಲ್ಲೂ ಬಣ್ಣ ತುಂಬುವ ಆಟಗಳಿವೆ. ಬೆರಳು ಮುಟ್ಟಿದರೆ ಜಾಗ ತಾನೇ ತುಂಬಿಕೊಳ್ಳುತ್ತದೆ. ಒತ್ತಿದರೆ ಗಾಢ, ತೇಲಿಸಿದರೆ ತೆಳು ಎಂದು ಕೈ ಕಲಿಯುವ ಪಾಠ ಅಲ್ಲಿಲ್ಲ.

"ಇದೇನಿದು?" ಎಂದು ಕೇಳಬೇಡಿ, "ಇದರ ಬಗ್ಗೆ ಹೇಳು" ಎನ್ನಿ. "ಚೆನ್ನಾಗಿದೆ" ಎಂದು ಸುಮ್ಮನಾಗುವ ಬದಲು "ಈ ಮೂಲೆಯ ನೀಲಿ ಯಾಕೆ ಕಡುವಾಯ್ತು?" ಎಂದು ಕೇಳಿ. ನೀವೂ ಒಂದು ಹಾಳೆ ಹಿಡಿದು ಕೂರಿ, ಆದರೆ ಮಗುವಿನ ಹಾಳೆಗೆ ಕೈ ಹಾಕಬೇಡಿ. ಸ್ಪರ್ಧೆಗಳ ಕಾಲದಲ್ಲಿ ಈ ಮಾತು ಇನ್ನೂ ಮುಖ್ಯ. ಪ್ರತಿಭಾ ಕಾರಂಜಿಯಂಥ ವೇದಿಕೆ ಹಳ್ಳಿಯ ಮಕ್ಕಳಿಗೆ ದೊಡ್ಡ ಅವಕಾಶ. ಅದಕ್ಕೆಂದು ಒಂದೇ ಚಿತ್ರವನ್ನು ಬಾಯಿಪಾಠದಂತೆ ಅಭ್ಯಾಸ ಮಾಡಿಸಿದರೆ ಬಹುಮಾನ ಬಂದೀತು, ನೋಡುವ ಕಣ್ಣು ಬರುವುದಿಲ್ಲ.

ಮಕ್ಕಳ ಎತ್ತರಕ್ಕೆ ಇಳಿದು ಬರುವುದು ನಮ್ಮ ಸೀಮೆಗೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಕರಿಹಲಗೆಯನ್ನು ಗೋಡೆಯ ಕೆಳಭಾಗಕ್ಕೆ, ಮಕ್ಕಳ ಕೈಗೆಟುಕುವಲ್ಲಿಗೆ ತಂದಿತು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಶಾಲೆಯಾಚೆ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳಾಗಿವೆ. ಓದುವ ಬೆಳಕು ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಅಲ್ಲಿ ಪುಸ್ತಕದ ಕಪಾಟಿನ ಪಕ್ಕ ಬಣ್ಣದ ಡಬ್ಬಿಗಳಿಗೂ ಒಂದು ಅರೆ ಇರಲಿ. ಒಂದು ಬದಿ ಮುದ್ರಿತವಾದ ಹಳೆಯ ಹಾಳೆಗಳು ಪಂಚಾಯಿತಿ ಕಚೇರಿಯಲ್ಲೇ ಬೇಕಾದಷ್ಟು ಸಿಗುತ್ತವೆ, ಅವುಗಳ ಹಿಂಬದಿ ಮಕ್ಕಳಿಗೆ ಸಾಕು. ಊರಿನ ಚಿತ್ರಕಲಾ ಶಿಕ್ಷಕರು, ರಂಗೋಲಿ ಬಲ್ಲ ಅಕ್ಕಂದಿರು ತಮ್ಮ ಊರಿನ ದೇವಸ್ಥಾನ, ಬೆಟ್ಟ, ಹುಲಿ, ತೆಂಗಿನ ತೋಟಗಳ ಗೆರೆಚಿತ್ರ ಬರೆದು ಜೆರಾಕ್ಸ್ ಮಾಡಿಸಿಕೊಟ್ಟರೆ ತೆರಕಣಾಂಬಿಯದೇ ಬಣ್ಣದ ಪುಸ್ತಕ ತಯಾರಾಗುತ್ತದೆ. ಭೀಮನೂ ಇರಲಿ, ಡೋರೇಮಾನೂ ಇರಲಿ, ಹವಾಯಿಯ ದ್ವೀಪವೂ ಇರಲಿ. ಅವುಗಳ ಜೊತೆ ನಮ್ಮದೂ ಇರಲಿ. ವಾರಕ್ಕೆ ಒಂದು ಗಂಟೆ ಮೊಬೈಲು ಬದಿಗಿಟ್ಟು ಮಕ್ಕಳ ಪಕ್ಕ ಚಾಪೆಯ ಮೇಲೆ ಕೂರಿ. ಅದಕ್ಕೆ ಬೇಕಾದದ್ದು ನಿಮ್ಮ ಸಮಯ ಮಾತ್ರ.